ಎಷ್ಟಮ್ಮ? ದಾವಣಗೆರೇಲಿ ಮೆಕ್ ಓದಿದ ಕಥೆ

ಮೊನ್ನೆ ರಾತ್ರಿ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಸಿಇಟಿ ರ್ಯಾಂಕ್ ಬಂದಿದೆ, ಇಂಜಿನಿಯರಿಂಗಲ್ಲಿ ಯಾವ ಕಾಲೇಜು ಯಾವ ಬ್ರಾಂಚು ಬೇಕು ಅಂತ ಆಪ್ಷನ್ ಎಂಟ್ರಿ ಮಾಡ್ಬೇಕಂತೆ. "ಅಕ್ಕ, ಕಂಪ್ಯೂಟರ್ ಸೈನ್ಸ್ ಸಿಗೋದು ಡೌಟು, ಮೆಕ್ಯಾನಿಕಲ್ ಆದ್ರೆ ಆರಾಮಾಗಿ ಸಿಗ್ತದೆ, ಹಾಕ್ಲಾ? ಅದ್ರಲ್ಲಿ ಏನ್ ಓದೋದಿರ್ತದೆ?" ಅಂದ. ನಾನು ಉತ್ಸಾಹದಲ್ಲಿ ಶುರು ಮಾಡ್ದೆ, ಲೇತು, ಬೋಲ್ಟು, ಮಂಡಕ್ಕಿ ಭಟ್ಟಿ ಅಂತ ಎಲ್ಲಿಂದೆಲ್ಲಿಗೋ ಹೋದೆ, ಐದು ನಿಮಿಷಕ್ಕೆ ಅವ್ನು "ಅಕ್ಕ ಚಾರ್ಜ್ ಇಲ್ಲ, ಆಮೇಲ್ ಮಾಡ್ತೀನಿ" ಅಂತ ಇಟ್ಬಿಟ್ಟ. ಆಮೇಲೆ ಮಾಡ್ಲಿಲ್ಲ ಬಿಡಿ. ಬಾಯಿಗೆ ಬಂದಿದ್ದು ಹೊಟ್ಟೇಲೇ ಉಳೀತು, ಅದಕ್ಕೆ ಇಲ್ಲಿ ಬರೀತಿದೀನಿ, ಅವ್ನು ಓದ್ತಾನೋ ಬಿಡ್ತಾನೋ ಅವ್ನಿಗೆ ಬಿಟ್ಟಿದ್ದು.

ನಾನು ಮೆಕ್ ತಗೊಂಡಿದ್ದಕ್ಕೆ ಕಾರಣ ನಮ್ಮ ಸೋದರಮಾವ. ಹಳೇ ದಾವಣಗೆರೇಲಿ ಅವಂದೊಂದು ಬೈಕ್ ಗ್ಯಾರೇಜು, ಗ್ಯಾರೇಜು ಅಂದ್ರೆ ಒಂದು ತಗಡಿನ ಶೀಟು, ಎರಡು ಮರದ ಪೆಟ್ಟಿಗೆ, ಕರ್ರಗಾದ ಒಂದು ಬೆಂಚು, ಗೋಡೆಗೆ ಹೋದ ವರ್ಷದ ಕ್ಯಾಲೆಂಡರು. ಬೇಸಿಗೆ ರಜಾದಲ್ಲಿ ಅಮ್ಮ ತವರಿಗೆ ಹೋದಾಗೆಲ್ಲ ನಾನು ಅಲ್ಲೇ ಇರ್ತಿದ್ದೆ. "ಏ ಪುಟ್ಟಿ, ಹತ್ತು-ಹನ್ನೊಂದು ಪಾನ ತಗಂಬಾ" ಅಂತಿದ್ದ, ಪಾನ ಅಂದ್ರೆ ಸ್ಪಾನರು, ನಾನು ಹನ್ನೆರಡು-ಹದಿಮೂರು ತಂದು ಬೈಸ್ಕೊತಿದ್ದೆ, ಒಂದು ವಾರಕ್ಕೆ ನೋಡಿದ ಕೂಡ್ಲೇ ಇದು ಎಷ್ಟರ ನಟ್ಟು ಅಂತ ಹೇಳೋ ಹಂಗಾಯ್ತು. ಒಂದ್ಸಲ ನನಗೇ ಬೋಲ್ಟ್ ಬಿಗಿ ಮಾಡಕ್ಕೆ ಕೊಟ್ಟು ಪಕ್ಕದಲ್ಲೇ ನಿಂತಿದ್ದ. ನಾನು ಪೌರುಷ ತೋರಿಸಕ್ಕೆ ಎಳೀತಾನೇ ಇದ್ದೆ, ಅವ್ನು ಗಬಕ್ಕನೆ ಕೈ ಹಿಡ್ದ. "ಸಾಕು. ಇನ್ನೊಂದು ಕಾಲು ಸುತ್ತು ಎಳದ್ರೆ ಬೆಣ್ಣೆ ಆಗ್ತದೆ" ಅಂದ. ಬೋಲ್ಟು ಬೆಣ್ಣೆ ಹೆಂಗಾಗ್ತದೆ ಮಾವ ಅಂದ್ರೆ "ಆಗ್ತದೆ, ಕೈಗೆ ಗೊತ್ತಾಗ್ತದೆ" ಅಂತಷ್ಟೇ. ಬೆಣ್ಣೆ ದೋಸೆ ಊರೋರು, ಎಲ್ಲದಕ್ಕೂ ಬೆಣ್ಣೆನೇ ಎಳ್ಕೊಂಡು ಬರ್ತಾರೆ ಅಂದ್ಕೊಂಡೆ.

ಪಿಯುಸಿ ಆದ್ಮೇಲೆ ಮೆಕ್ಯಾನಿಕಲ್ ಹಾಕ್ತೀನಿ ಅಂದಾಗ ಮನೇಲಿ ಒಂದು ದೊಡ್ಡ ಮೌನ. ದಾವಣಗೆರೆಗೆ ಇಂಜಿನಿಯರಿಂಗ್ ಏನೂ ಹೊಸದಲ್ಲ, ಬಿಡಿಟಿ ಕಾಲೇಜು ಶುರುವಾಗಿದ್ದು 1951ರಲ್ಲಿ, ಬಿಐಇಟಿ 1979ರಲ್ಲಿ, ಊರಲ್ಲಿ ಪ್ರತಿ ಬೀದಿಗೂ ಒಬ್ಬ ಇಂಜಿನಿಯರ್ ಸಿಗ್ತಾನೆ. ಆದ್ರೆ ಹುಡ್ಗಿ ಮೆಕ್ಯಾನಿಕಲ್ ಅಂದ್ರೆ ದೊಡ್ಡಮ್ಮ "ಅಯ್ಯೋ, ಗಾಡಿ ಕೆಳಗೆ ಮಲಗ್ತೀಯೇನೇ" ಅಂದ್ರು. ಮಾವ ಮಾತ್ರ ಏನೂ ಅನ್ಲಿಲ್ಲ, ಎಣ್ಣೆ ಒರೆಸೋ ಬಟ್ಟೇಲಿ ಕೈ ಒರೆಸ್ಕೊಂಡು "ಓದ್ಲಿ ಬಿಡಕ್ಕ, ನಂಗೆ ಗೊತ್ತಿಲ್ದಿರೋದು ಏನೈತೆ ಅಂತ ನಾನೂ ಕೇಳ್ತೀನಿ" ಅಂದ. ಕ್ಲಾಸಲ್ಲಿ ಅರವತ್ತು ಜನ, ಹುಡ್ಗೀರು ನಾಲ್ಕು. ಹುಡುಗ್ರು ಮೊದಲ ದಿನದಿಂದ್ಲೇ "ರಾಯಲ್ ಮೆಕ್" ಅಂತ ಕಿರಚ್ಕೊಂಡು ಓಡಾಡೋರು, ರಾಯಲ್ ಯಾಕೆ ಅಂತ ನಾಲ್ಕು ವರ್ಷ ಆದ್ರೂ ಯಾರೂ ಹೇಳ್ಲಿಲ್ಲ.

ಮೊದಲ ವರ್ಷ ಫಿಸಿಕ್ಸ್ ಸೈಕಲ್ಲು ಕೆಮಿಸ್ಟ್ರಿ ಸೈಕಲ್ಲು ಅಂತ ಎಲ್ಲಾ ಬ್ರಾಂಚಿಗೂ ಒಂದೇ ಇತ್ತು, ಅದರ ಬಗ್ಗೆ ಬರೆಯೋಕೆ ಏನಿಲ್ಲ. ಇರೋದು ವರ್ಕ್‌ಶಾಪ್ ಲ್ಯಾಬಿನ ಬಗ್ಗೆ. ಖಾಕಿ ಅಂಗಿ, ಶೂ, ಜಡೆ ಮೇಲಕ್ಕೆ ಕಟ್ಟಿ ಪಿನ್ ಹಾಕ್ಬೇಕು. ಫಿಟ್ಟಿಂಗ್ ಅಂದ್ರೆ ಎರಡು ಕಬ್ಬಿಣದ ಪ್ಲೇಟು ಕೊಡ್ತಾರೆ, ಒಂದರಲ್ಲಿ ವಿ ಆಕಾರದ ಹಳ್ಳ ಕೊಯ್ಬೇಕು, ಇನ್ನೊಂದ್ರಲ್ಲಿ ಅದೇ ಆಕಾರದ ಮೂತಿ, ಎರಡೂ ಒಂದರೊಳಗೊಂದು ಕೂರ್ಬೇಕು. ಇಷ್ಟೇ. ಕೇಳಕ್ಕೆ ಮಕ್ಕಳಾಟ. ಮೊದಲು ಸುಣ್ಣ ಬಳಿದು ಗೆರೆ ಎಳೀಬೇಕು, ಗೆರೆ ಮೇಲೆ ಪಂಚ್ ಹೊಡೀಬೇಕು, ಆಮೇಲೆ ಹ್ಯಾಕ್ಸಾ, ಆಮೇಲೆ ಫೈಲು, ನಮ್ಮಜ್ಜ ಇದ್ನ ಅರ ಅಂತಿದ್ರು. ಫೈಲು ಮುಂದಕ್ಕೆ ಹೋಗೋವಾಗ ಒತ್ಬೇಕು, ಹಿಂದಕ್ಕೆ ಬರೋವಾಗ ಹಗುರ ಬಿಡ್ಬೇಕು, ಹಲ್ಲು ಇರೋದೇ ಮುಂದಕ್ಕೆ ಕೊಯ್ಯೋ ಥರ. ನಾವೆಲ್ಲ ಎರಡೂ ಕಡೆ ಒತ್ತಿ ಒತ್ತಿ ಅರ್ಧ ಗಂಟೆಗೆ ರಟ್ಟೆ ಬಿದ್ದೋಯ್ತು. ಹಲ್ಲಿನ ಸಂದೀಲಿ ಕಬ್ಬಿಣದ ಪುಡಿ ಕಚ್ಕೊಂಡು ಪ್ಲೇಟ್ ಮೇಲೆ ಗೀರು ಬೀಳ್ತಿತ್ತು, ಅದಕ್ಕೆ ಫೈಲಿಗೆ ಚಾಕ್‌ಪೀಸ್ ಉಜ್ಜಿ ಅಂತ ಆಮೇಲೆ ಹೇಳಿದ್ರು, ಮೊದಲೇ ಹೇಳಿದ್ರೆ ಏನ್ ಹೋಗ್ತಿತ್ತೋ.

ಇನ್‌ಸ್ಟ್ರಕ್ಟರ್ ಸರ್ ಬಂದು ನನ್ನ ಎರಡೂ ಪ್ಲೇಟ್ ಜೋಡಿಸಿ ಕಿಟಕಿ ಕಡೆ ಎತ್ತಿ ಹಿಡಿದ್ರು. "ನೋಡು." ಎಡಗಡೆ ಗೆರೇಲಿ ಕಪ್ಪು, ಬಲಗಡೆ ಸಂದಿಂದ ಬೆಳಕು ಸಣ್ಣಗೆ ದಾರದ ಥರ ಬರ್ತಿತ್ತು. "ಎಷ್ಟಮ್ಮ?" ಅಂದ್ರು. ನಾನು "ಸ್ವಲ್ಪ ಗ್ಯಾಪ್ ಇದೆ ಸರ್" ಅಂದೆ. "ಐತೆ ಅಂತ ನಂಗೂ ಕಾಣ್ತೈತೆ. ಎಷ್ಟು?" ಫೀಲರ್ ಗೇಜ್ ಅಂತ ಒಂದಿರುತ್ತೆ, ಬೀಸಣಿಗೆ ಥರ ಬಿಚ್ಕೊಳೋ ತೆಳ್ಳನೆ ಪಟ್ಟಿಗಳು, ಒಂದೊಂದೇ ತೂರಿಸಿ ನೋಡಿದ್ರೆ 0.30 ಮಿಮೀ ಹೋಯ್ತು, 0.35 ಹೋಗ್ಲಿಲ್ಲ. ಅವತ್ತು ನಂಗೆ ಮೊದಲ ಸಲ ಅನ್ಸಿದ್ದು, ಈ ಮನುಷ್ಯಂಗೆ "ಸ್ವಲ್ಪ" ಅನ್ನೋ ಪದ ಕಂಡ್ರೆ ಆಗಲ್ಲ ಅಂತ. ನಾಲ್ಕು ವರ್ಷ ಅವ್ರ ಬಾಯಲ್ಲಿ ನಾನು ಕೇಳಿದ ಪ್ರಶ್ನೆ ಹೆಚ್ಚುಕಮ್ಮಿ ಅದೊಂದೇ.

ಆ "ಎಷ್ಟು" ಹುಚ್ಚು ನಂಗೂ ಹತ್ಕೊಂಡಿದ್ದು ಎಲಿಮೆಂಟ್ಸ್ ಆಫ್ ಮೆಕ್ಯಾನಿಕಲ್ ಕ್ಲಾಸಲ್ಲಿ. ಸಿಲಿಂಡರಿನ ಬೋರು ಅಂದ್ರೆ ಒಳಗಿನ ವ್ಯಾಸ, ಸ್ಟ್ರೋಕು ಅಂದ್ರೆ ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರ ಅಂತ ಬೋರ್ಡ್ ಮೇಲೆ ಬರೀತಿದ್ರು, ನಂಗೆ ಅಪ್ಪನ ಸ್ಪ್ಲೆಂಡರ್ ನೆನಪಾಯ್ತು, 50 ಮಿಮೀ ಬೋರು, 49.5 ಮಿಮೀ ಸ್ಟ್ರೋಕು. ಪೈ ಭಾಗಿಸು ನಾಲ್ಕು, ಇಂಟು ಐವತ್ತರ ವರ್ಗ, ಇಂಟು 49.5, ಒತ್ತಿದ್ರೆ ಕ್ಯಾಲ್ಕುಲೇಟರಲ್ಲಿ 97193 ಅಂತ ಬಂತು, ಅಂದ್ರೆ 97.2 ಸಿಸಿ, ಆರ್‌ಸಿ ಬುಕ್ಕಲ್ಲಿ ಬರೆದಿರೋದೂ ಅದೇ! ಎಲ್ರಿಗೂ ಇದು ಸಿಲ್ಲಿ ಅನ್ಸಬಹುದು, ನಂಗೆ ಮೈ ಜುಂ ಅಂತು. ಅಲ್ಲಿವರೆಗೂ ಸಿಸಿ ಅಂದ್ರೆ ಕಂಪ್ನಿಯವರು ಅಂಟಿಸೋ ಸ್ಟಿಕ್ಕರು ಅನ್ನೋ ಥರ ಇದ್ದೆ. ಸಂಜೆ ನೇರ ಗ್ಯಾರೇಜಿಗೆ ಹೋಗಿ ಮಾವಂಗೆ ಹೇಳ್ದೆ. ಅವ್ನು ಯಾರದೋ ಇಂಜಿನ್ ಬಿಚ್ಕೊಂಡು ಕೂತಿದ್ದ. "ಹಂಗಾರೆ ಇದ್ನ ಇವತ್ತು ಪಾಯಿಂಟ್ ಇಪ್ಪತ್ತೈದು ಬೋರು ಮಾಡ್ಸಕ್ಕೆ ಕಳಿಸ್ತೀನಿ, ಇದ್ರುದ್ ಎಷ್ಟಾಯ್ತು ಹೇಳು" ಅಂದ. ಅದೂ 50ರ ಬೋರೇ. ಸಿಲಿಂಡರ್ ಸವೆದಾಗ ಒಳಗೆ ಕೆತ್ತಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕ್ತಾರಲ್ಲ, ಅದು. ಬೋರು 50.25 ಆಯ್ತು, ಲೆಕ್ಕ ಹಾಕಿದ್ರೆ 98.2. "ಒಂದು ಸಿಸಿ ಜಾಸ್ತಿ ಆಗ್ತದೆ ಮಾವ." ಮಾವ ಪಕ್ಕದಲ್ಲಿ ನಿಂತಿದ್ದ ಗಿರಾಕಿ ಮುಖ ನೋಡಿ "ಕೇಳ್ದೇನಪ್ಪ, ಒಂದು ಸಿಸಿ ಫ್ರೀ" ಅಂದ.

ಎರಡನೇ ವರ್ಷ ಲೇತು, ಅಂದ್ರೆ ಕಬ್ಬಿಣದ ರಾಡನ್ನ ಗಿರಗಿರ ತಿರುಗಿಸಿ ಟೂಲಲ್ಲಿ ಕೆತ್ತೋ ಮೆಷಿನ್ನು. ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ನಂಗೆ ಮೆಕ್ ಅಂದ ತಕ್ಷಣ ಮೂಗಿಗೆ ಬರೋದು ಆ ಮೆಷಿನ್ ಶಾಪಿನ ಕಟಿಂಗ್ ಆಯಿಲ್ ವಾಸನೆನೇ. ಸಾಲಾಗಿ ಹಸಿರು ಬಣ್ಣದ ಹಳೇ ಲೇತುಗಳು, ಬಣ್ಣದ ಮೇಲೆ ಬಣ್ಣ ಬಳಿದು ದಪ್ಪಗಾಗಿದ್ರೂ ಕಿರ್ಲೋಸ್ಕರ್ ಅನ್ನೋ ಅಕ್ಷರ ಕೈಗೆ ಸಿಗ್ತಿತ್ತು. ನಾನು ಯಾವುದೋ ಪೂನಾದಲ್ಲಿ ಮಾಡಿದ್ದು ಅಂದ್ಕೊಂಡಿದ್ದೆ. ಸರ್ ನಕ್ಕರು. "ಪೂನಾ ಅಲ್ಲಮ್ಮ, ಹರಿಹರ. ಇಲ್ಲಿಂದ ಹದಿನಾಕು ಕಿಲೋಮೀಟ್ರು." ಮೈಸೂರ್ ಕಿರ್ಲೋಸ್ಕರ್ ಅಂತ 1941ರಲ್ಲಿ ಹರಿಹರದಲ್ಲಿ ಶುರುವಾದ ಕಾರ್ಖಾನೆ, ದೇಶದ ಎಷ್ಟೋ ಐಟಿಐ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಲ್ಲಿ ಇವತ್ತಿಗೂ ಹುಡುಗ್ರು ಕೈ ಕಲೀತಿರೋದು ಅಲ್ಲಿಂದ ಹೋದ ಲೇತಲ್ಲೇ. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕದ ಮೇಲಾಯ್ತು, ಮೆಷಿನ್ನು ತಿರುಗ್ತಾನೇ ಇದಾವೆ. ಸರ್ ವಯಸ್ಸಲ್ಲಿದ್ದಾಗ ಅಲ್ಲೇ ಕೆಲಸ ಮಾಡಿದೋರು. ಮೂರನೇ ಲೇತಿನ ಹೆಡ್‌ಸ್ಟಾಕ್ ಮೇಲೆ ಎಮ್ಮೆ ಬೆನ್ನು ತಟ್ಟೋ ಥರ ತಟ್ಟಿ ಹೋಗೋರು, ಪ್ರತಿ ಬ್ಯಾಚಿಗೂ.

ಒಂದಿನ ಕೇಳ್ದೆ, ಸರ್ ಇದು ಇಷ್ಟು ದಪ್ಪ ಎರಕದ ಕಬ್ಬಿಣ ಯಾಕೆ, ಸ್ಟೀಲಲ್ಲಿ ಮಾಡಿದ್ರೆ ಹಗುರ ಆಗ್ತಿರ್ಲಿಲ್ವಾ ಅಂತ. ಅವ್ರು ಒಂದು ಸ್ಟೀಲ್ ರಾಡು ಸ್ಪಾನರಲ್ಲಿ ಹೊಡೆದ್ರು, ಟಿಂಗ್ ಅಂತ ಎಳ್ಕೊಂಡು ಹೋಯ್ತು. ಎರಕದ ತುಂಡೊಂದಕ್ಕೆ ಹೊಡೆದ್ರು, ದಡ್ ಅಂತ ಅಲ್ಲೇ ಸತ್ತೋಯ್ತು. "ಅದಕ್ಕೇ" ಅಂದ್ರು. ಎರಕದ ಕಬ್ಬಿಣದೊಳಗೆ ಗ್ರಾಫೈಟು ಸಣ್ಣ ಸಣ್ಣ ಪದರ ಪದರವಾಗಿ ಇರುತ್ತೆ, ಅದು ನಡುಕ ನುಂಗುತ್ತೆ, ಟೂಲು ಅದುರಿದ್ರೆ ಜಾಬ್ ಮೇಲೆ ಅಲೆ ಅಲೆ ಬೀಳುತ್ತಲ್ಲ, ಅದು ಬೀಳಬಾರದು ಅಂತ. ಮೆಟಲರ್ಜಿ ಪುಸ್ತಕದಲ್ಲಿ ಇದೇ ಎರಡು ಪುಟ ಇತ್ತು, ಇಂಟರ್ನಲ್ಸಿಗೆ ಬಾಯಿಪಾಠ ಮಾಡಿ ಬರೆದೂ ಇದ್ದೆ, ಅರ್ಥ ಆಗಿದ್ದು ಆ ದಡ್ ಕೇಳಿದ್ಮೇಲೆ. ಇನ್ನೊಂದು ವಿಷ್ಯನೂ ಹೇಳಿದ್ರು, ಹಿಂದೆಲ್ಲ ಮೆಷಿನ್ ಕಟ್ಟೋರು ಬೆಡ್ ಎರಕ ಹೊಯ್ದ ಮೇಲೆ ತಿಂಗಳುಗಟ್ಟಲೆ ಬಿಸಿಲು ಮಳೇಲಿ ಹೊರಗೇ ಬಿಟ್ಟಿರ್ತಿದ್ರಂತೆ, ಒಳಗಿನ ಸೆಟೆತ ಎಲ್ಲ ಇಳಿದು ಅದು ಎಷ್ಟು ಸೊಟ್ಟಗಾಗ್ಬೇಕೋ ಅಷ್ಟು ಆಗ್ಲಿ, ಆಮೇಲೆ ಕೆತ್ತಿ ನೇರ ಮಾಡೋಣ ಅಂತ. ಉಪ್ಪಿನಕಾಯಿ ಹಾಕಿದಂಗೆ.

ಈಗ ನನ್ನ ಮರ್ಯಾದೆ ಹೋದ ಕಥೆ. 25 ಮಿಮೀ ರಾಡು, ಟರ್ನಿಂಗ್ ಮಾಡಿ 22ಕ್ಕೆ ತರ್ಬೇಕು. ಮೂರು ಮಿಮೀ ತೆಗೀಬೇಕು ಅಲ್ವಾ, ನಾನು ಒಂದೊಂದೇ ಮಿಮೀ ಮೂರು ಸಲ ಟೂಲ್ ಒಳಗೆ ಕೊಟ್ಟೆ, ಎಷ್ಟು ಚೆನ್ನಾಗಿ ಸುರುಳಿ ಸುರುಳಿ ಚಿಪ್ಸ್ ಬರ್ತಿತ್ತು ಅಂದ್ರೆ ಹುಡುಗ್ರು ಬಂದು ನೋಡ್ತಿದ್ರು, ನಾನಂತೂ ಜಂಬದಲ್ಲಿ ತೇಲ್ತಿದ್ದೆ. ವರ್ನಿಯರ್ ಹಾಕಿ ನೋಡಿದ್ರೆ 19. ಇನ್ನೊಂದ್ಸಲ ಹಾಕ್ದೆ, 19ನೇ. ವರ್ನಿಯರೇ ಕೆಟ್ಟಿದೆ ಅಂತ ಪಕ್ಕದವನ್ದು ಇಸ್ಕೊಂಡೆ. 19! ಅಷ್ಟರಲ್ಲಿ ಸರ್ ಹಿಂದೆ ನಿಂತಿದಾರೆ. "ಎಷ್ಟಮ್ಮ?" "ಸರ್, ಹತ್ತಿರ ಹತ್ತಿರ ಹತ್ತೊಂಬತ್ತು." "ಹತ್ತಿರ ಹತ್ತಿರ ಅನ್ನೋದು ಬಸ್‌ಸ್ಟ್ಯಾಂಡಿಗೆ ಹೇಳೋ ಮಾತು" ಅಂದ್ರು. ಆಮೇಲೆ ಚಾಕ್‌ಪೀಸಲ್ಲಿ ನೆಲದ ಮೇಲೇ ಒಂದು ವೃತ್ತ ಬರೆದು ತೋರಿಸಿದ್ರು, ರಾಡು ತಿರುಗ್ತಿದೆ ಅಲ್ವಾ, ಟೂಲು ಒಂದೇ ಕಡೆ ನಿಂತಿದ್ರೂ ತೊಗಲು ಸುತ್ತಲೂ ಸುಲಿಯುತ್ತೆ, ಈ ಕಡೆ ಒಂದು ಆ ಕಡೆ ಒಂದು, ಒಂದು ಮಿಮೀ ಒಳಗೆ ಕೊಟ್ರೆ ವ್ಯಾಸದಲ್ಲಿ ಎರಡು ಹೋಗುತ್ತೆ. ಒಂದೂವರೆ ಕೊಡ್ಬೇಕಿತ್ತು. ಇದು ಹತ್ತನೇ ಕ್ಲಾಸಿನ ಲೆಕ್ಕ ಕೂಡ ಅಲ್ಲ, ಐದನೇ ಕ್ಲಾಸಿಂದು, ರೇಡಿಯಸ್ಸು ಡಯಾಮೀಟರು, ಪೆನ್ನಲ್ಲಾದ್ರೆ ಯಾವತ್ತೂ ತಪ್ಪಿಲ್ಲ. ಕೈಗೆ ಬಂದಾಗ ತಪ್ಪಿತು. ಆ 19ರ ತುಂಡು ಅವ್ರ ಡ್ರಾಯರಲ್ಲಿ ಮುಂದಿನ ಬ್ಯಾಚಿಗೆ ತೋರ್ಸಕ್ಕೆ ಅಂತ ಸೇರ್ಕೊಂತು. ಅಲ್ಲಿ ಆಗ್ಲೇ ಏಳೆಂಟು ಇದ್ವು, ಅದೊಂದು ಸಮಾಧಾನ.

ಥರ್ಮೋ ಬಗ್ಗೆ ಹೇಳ್ದೇ ಇದ್ರೆ ಕಥೆ ಪೂರ್ತಿ ಆಗಲ್ಲ. ಬೇಸಿಕ್ ಥರ್ಮೋಡೈನಮಿಕ್ಸಲ್ಲಿ ನಂಗೆ ಬ್ಯಾಕ್. ಬೇಕಾಗಿದ್ದು 35, ಬಂದಿದ್ದು 27. ಎಂಟ್ರೊಪಿ ಅನ್ನೋದು ಯಾವ ಕಡೆಯಿಂದ ನೋಡಿದ್ರೂ ತಲೆಗೆ ಹೋಗ್ತಿರ್ಲಿಲ್ಲ, ಡಿಕ್ಯೂ ಬೈ ಟಿ ಅಂತೆ, ಯಾವತ್ತೂ ಜಾಸ್ತಿನೇ ಆಗ್ತದಂತೆ, ಆಗ್ಲಿ ಬಿಡು ನಂಗೇನು ಅನ್ನೋ ಹಂಗಿತ್ತು. ರಿಸಲ್ಟ್ ಬಂದ ರಾತ್ರಿ ಊಟ ಮಾಡ್ಲಿಲ್ಲ. ಮಾರನೇ ದಿನ ಮಾವ ಗ್ಯಾರೇಜಿಗೆ ಕರೆಸಿ ಟೀ ಕುಡಿಸಿ "ಏನದು ಫೇಲಾಗಿರೋದು, ನಂಗೆ ಹೇಳು" ಅಂದ. ನಿಂಗೆ ಹೇಳಿದ್ರೆ ಏನ್ ಅರ್ಥ ಆಗ್ತದೆ ಅಂತ ಬಾಯಿಗೆ ಬಂತು, ಹೇಳ್ಲಿಲ್ಲ ಸದ್ಯ. ಎದುರಿಗಿದ್ದ ಇಂಜಿನ್ ಹಿಡ್ಕೊಂಡೇ ಶುರು ಮಾಡ್ದೆ. ಒಳಗೆ ಪೆಟ್ರೋಲು ಉರೀತದೆ, ಅದರ ಬಿಸೀಲಿ ಒಂದು ಪಾಲು ಮಾತ್ರ ಪಿಸ್ಟನ್ ತಳ್ಳಕ್ಕೆ ಬರ್ತದೆ, ಮಿಕ್ಕಿದ್ದು ಸೈಲೆನ್ಸರಲ್ಲಿ, ಸಿಲಿಂಡರಿನ ರೆಕ್ಕೇಲಿ ಗಾಳಿಗೆ ಹೋಗ್ತದೆ. ಪುಸ್ತಕದಲ್ಲಿ ಪೆಟ್ರೋಲ್ ಇಂಜಿನ್ನಿಗೆ ಆಟೋ ಸೈಕಲ್ ಅಂತ ಒಂದು ಲೆಕ್ಕ ಇದೆ, ಅದ್ರಲ್ಲಿ ಕಂಪ್ರೆಷನ್ ರೇಶಿಯೋ, ಅಂದ್ರೆ ಒಳಗಿನ ಗಾಳಿನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು, 10 ಇಟ್ಕೊಂಡ್ರೆ ನೂರಕ್ಕೆ 60 ಕೆಲಸಕ್ಕೆ ಬರ್ಬೇಕು, ನಿಜವಾದ ಇಂಜಿನ್ನಲ್ಲಿ ಕಾಲು ಭಾಗ ಬಂದ್ರೆ ದೊಡ್ಡದು. "ಅಂದ್ರೆ ನೂರು ರೂಪಾಯಿ ಪೆಟ್ರೋಲಲ್ಲಿ ಎಪ್ಪತ್ತೈದು ರೂಪಾಯಿ ಊರ ಗಾಳಿ ಕಾಯ್ಸಕ್ಕೆ?" ಅಂದ ಮಾವ. ಹೌದು ಅಂದೆ. "ಎಂಥ ಇಂಜಿನಿಯರ್‌ಗಳೇ ನೀವು, ಅದ್ನ ವಾಪಸ್ ಹಿಡ್ಯಕ್ಕಾಗಲ್ವಾ?"

ಅಲ್ಲೇ ಸಿಕ್ಕಿತು ನೋಡಿ. ಪೂರ್ತಿ ಹಿಡಿಯಕ್ಕಾಗಲ್ಲ ಮಾವ, ಯಾರಿಂದ್ಲೂ ಆಗಲ್ಲ, ಎಷ್ಟೇ ಒಳ್ಳೇ ಇಂಜಿನ್ ಕಟ್ಟಿದ್ರೂ ಸ್ವಲ್ಪ ಬಿಸಿನ ತಣ್ಣಗಿರೋ ಕಡೆ ಬಿಟ್ಟೇ ತೀರ್ಬೇಕು, ಎಷ್ಟು ಬಿಡ್ಬೇಕು ಅನ್ನೋದಕ್ಕೂ ಲೆಕ್ಕ ಇದೆ. ಅದ್ನ 1824ರಲ್ಲೇ ಸಾದಿ ಕಾರ್ನೋ ಅನ್ನೋ ಫ್ರಾನ್ಸಿನ ಹುಡುಗ ಬರೆದಿಟ್ಟ, ಆಗ ಅವನಿಗೆ ಬರೀ 28ರ ಆಸುಪಾಸು, 36ಕ್ಕೆ ಕಾಲರಾದಲ್ಲಿ ತೀರ್ಕೊಂಡ. ಬಿಸಿ 900 ಕೆಲ್ವಿನ್, ತಣ್ಣಗಿರೋ ಕಡೆ 300 ಆದ್ರೆ, ಬಿಸೀಲಿ ಮೂರನೇ ಒಂದು ಭಾಗ ಬಿಡ್ಲೇಬೇಕು, ದೇವರು ಬಂದು ಇಂಜಿನ್ ಕಟ್ಟಿದ್ರೂ ಅಷ್ಟೇ. ಬೇರೆಯವರಿಗೆ ಹೇಳೋಕೆ ಹೋಗಿ ನಂಗೇ ಅರ್ಥ ಆಯ್ತು. ಮಾವ ಪೂರ್ತಿ ಕೇಳಿ "ಬಂಕಿನೋನ ಹತ್ರ ಎಪ್ಪತ್ತೈದು ವಾಪಸ್ ಕೇಳೋಣ ಅಂದ್ರೆ ಅವ್ನೂ ಕಾರ್ನೋ ಹೆಸ್ರು ಹೇಳ್ತಾನೆ" ಅಂದ. ಬ್ಯಾಕ್ ಎಕ್ಸಾಮಲ್ಲಿ 58.

ಇನ್ನು ಬೆಣ್ಣೆ ವಿಷ್ಯ. ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಲ್ಲಿ ಯುಟಿಎಂ ಅಂತ ಒಂದು ಮೆಷಿನ್, ಆಳೆತ್ತರ, ಎರಡು ದವಡೆ ಮಧ್ಯೆ ಕಬ್ಬಿಣದ ರಾಡು ಕಚ್ಚಿಸಿ ಮೇಲೆ ಕೆಳಗೆ ಎಳೆಯುತ್ತೆ, ಪಕ್ಕದಲ್ಲಿ ಗಡಿಯಾರದಂಥ ದೊಡ್ಡ ಡಯಲ್ಲು. ಮುಳ್ಳು ಒಂದೇ ಸಮ ಏರ್ತಾ ಹೋಯ್ತು, ನಾವು ರೀಡಿಂಗ್ ಕೂಗ್ತಿದ್ವಿ. ಇದ್ದಕ್ಕಿದ್ದಂಗೆ ಮುಳ್ಳು ನಿಂತ್ಕೊಂತು. ಎಣ್ಣೆ ಪಂಪು ಓಡ್ತಾನೇ ಇದೆ, ರಾಡು ಉದ್ದ ಆಗ್ತಾನೇ ಇದೆ, ಮುಳ್ಳು ಮಾತ್ರ ಏರ್ತಿಲ್ಲ, ಒಂಚೂರು ಹಿಂದಕ್ಕೂ ಬಂತು. "ಯೀಲ್ಡ್ ಆಯ್ತು, ಬರ್ಕೊಳಿ" ಅಂದ್ರು. ನಂಗೆ ಬರ್ಕೊಳಕ್ಕಾಗ್ಲಿಲ್ಲ. ಬಲ ಜಾಸ್ತಿ ಕೇಳದೇನೇ ಕಬ್ಬಿಣ ಸುಮ್ನೆ ಹಿಗ್ತಾ ಇದೆ, ಕೈಯಲ್ಲಿ ಪಾನ ಇದ್ದಿದ್ರೆ ಏನನ್ಸುತ್ತೆ? ಬೆಣ್ಣೆ! ಹತ್ತು ವರ್ಷದ ಹಿಂದೆ ಮಾವ ಹೇಳಿದ್ದು ಇದೇ ಅಲ್ವಾ. ಆಮೇಲೆ ಮುಳ್ಳು ಮತ್ತೆ ಏರಿ, ರಾಡಿನ ನಡು ಸಣ್ಣಗಾಗಿ, ಪಟ್ ಅಂತ ಪಟಾಕಿ ಥರ ಮುರೀತು, ಒಂದು ತುಂಡಿನ ತುದಿ ಬಟ್ಟಲು, ಇನ್ನೊಂದರ ತುದಿ ಶಂಕು. ಎತ್ಕೊಂಡು ನೋಡಿದ್ರೆ ಬಿಸಿ ಇತ್ತು, ಯಾರೂ ಕಾಯಿಸಿರ್ಲಿಲ್ಲ, ಎಳೆದಿದ್ದಕ್ಕೇ ಬಿಸಿ.

ಅವತ್ತು ಸಂಜೆ ಬೋಲ್ಟಿನ ತಲೆ ಮೇಲೆ 8.8 ಅಂತ ಕೆತ್ತಿರ್ತಾರಲ್ಲ, ಅದರ ಅರ್ಥ ಮಾವಂಗೆ ಹೇಳ್ದೆ. ಮೊದಲ 8 ಅಂದ್ರೆ ಕೊನೆಗೆ ಕಟ್ಟಾಗೋದು 800 ಮೆಗಾಪ್ಯಾಸ್ಕಲ್ಲಿಗೆ, ಚುಕ್ಕಿ ಆದ್ಮೇಲಿನ 8 ಅಂದ್ರೆ ಅದರ ನೂರಕ್ಕೆ 80ರಲ್ಲಿ, 640ಕ್ಕೇ, ಬೆಣ್ಣೆ ಆಗೋಕೆ ಶುರು. 4.6 ಅಂದ್ರೆ 400, 240. ಮಾವ ಒಂದು ಡಬ್ಬಿ ಬೋಲ್ಟು ಸುರಿದು ಒಂದೊಂದೇ ತಲೆ ನೋಡ್ತಾ ಕೂತ. "ಎಂಟು-ಎಂಟು ಗಟ್ಟಿ, ನಾಕು-ಆರು ಸಪ್ಪೆ ಅಂತ ಮೂವತ್ತು ವರ್ಷದಿಂದ ಗೊತ್ತು. ಅದ್ರಲ್ಲೇ ಬರ್ದಿರ್ತದೆ ಅಂತ ಗೊತ್ತಿರ್ಲಿಲ್ಲ ಬಿಡು." ನಂಗೆ ಮೂವತ್ತು ವರ್ಷ ಬೇಡ್ದೇ ಅದು ಗೊತ್ತಾಯ್ತು, ಆದ್ರೆ ಅವನ ಕೈ ನಂಗೆ ಇವತ್ತಿಗೂ ಬಂದಿಲ್ಲ. ಎಷ್ಟು ಬಿಗಿ ಆಯ್ತು ಅಂತ ಅಳೆದು ಹೇಳೋ ಟಾರ್ಕ್ ರೆಂಚ್ ಇಲ್ದೇ ಬೋಲ್ಟ್ ಮುಟ್ಟಲ್ಲ ನಾನು.

ಮಧ್ಯದ ಸೆಮಿಸ್ಟರ್‌ಗಳು ಎಲ್ರಿಗೂ ಗೊತ್ತಿರೋದೇ. ಡಿಸೈನಲ್ಲಿ ಡೇಟಾ ಹ್ಯಾಂಡ್‌ಬುಕ್ ಹೊತ್ಕೊಂಡು ಹೋಗಿ ಯಾವ ಟೇಬಲ್ಲು ಯಾವ ಪುಟ ಅಂತ ಹುಡುಕೋದೇ ಅರ್ಧ ಪರೀಕ್ಷೆ. ಫೈನೈಟ್ ಎಲಿಮೆಂಟ್ ಅಂತ ಒಂದಿತ್ತು, ಪಾಸಾದೆ, ಅಷ್ಟೇ ಹೇಳ್ಬಲ್ಲೆ.

ಫೈನಲ್ ಇಯರ್ ಪ್ರಾಜೆಕ್ಟಿಗೆ ಎಲ್ರೂ ದುಡ್ಡು ಕೊಟ್ಟು ಬೆಂಗಳೂರಿಂದ ರೆಡಿಮೇಡ್ ತರ್ತಾರೆ, ನಮ್ಮ ಗುಂಪಲ್ಲಿ ಯಾರ ಹತ್ರಾನೂ ದುಡ್ಡಿರ್ಲಿಲ್ಲ, ಹಂಗಾಗಿ ಮಂಡಕ್ಕಿ ಭಟ್ಟಿಗೆ ಹೋದ್ವಿ. ಸಂಜೆ ಮಂಡಕ್ಕಿ ಮಿರ್ಚಿ ತಿನ್ನದ ದಾವಣಗೆರೆಯೋನು ಇಲ್ಲ, ಆದ್ರೆ ಅದು ಆಗೋ ಜಾಗ ನೋಡಿರೋರು ಕಮ್ಮಿ. ಒಳಗೆ ಕಾಲಿಟ್ರೆ ಮುಖಕ್ಕೆ ಬಿಸಿ ರಪ್ ಅಂತ ಹೊಡೆಯುತ್ತೆ. ಕಾದ ಮರಳಿಗೆ ಉಪ್ಪುನೀರು ಕುಡಿಸಿದ ಅಕ್ಕಿ ಹಾಕಿ ಕೈಯಾಡಿಸ್ತಾರೆ, ನೀವು ಕಣ್ಣು ಮಿಟುಕಿಸೋದ್ರೊಳಗೆ ಅಷ್ಟೂ ಅರಳಿ ಬೆಳ್ಳಗೆ ಉಕ್ಕಿ ಬರುತ್ತೆ, ಜರಡಿ ಹಿಡಿದ್ರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಅಕ್ಕಿ ಒಳಗಿನ ತೇವ ಒಂದೇ ಸಲ ಆವಿಯಾಗಿ ಹಿಗ್ಗೋದ್ರಿಂದ ಅರಳೋದು, ನಿಧಾನಕ್ಕೆ ಕಾಯಿಸಿದ್ರೆ ಹುರಿದ ಅಕ್ಕಿ ಆಗುತ್ತೆ ಅಷ್ಟೇ. ನಾವು ಮುಟ್ಟದೇನೇ ಟೆಂಪರೇಚರ್ ತೋರಿಸೋ ಇನ್‌ಫ್ರಾರೆಡ್ ಗನ್ ತಗೊಂಡು ಹೋಗಿದ್ವಿ, ಕಬ್ಬಿಣದ ಬಾಣಲಿ ಅಂಚಿಗೆ ಹಿಡಿದ್ರೆ ಒಂದು ಟೆಂಪರೇಚರ್, ಮರಳಿಗೆ ಹಿಡಿದ್ರೆ ಬೇರೆ, ಉಜ್ಜಿ ಉಜ್ಜಿ ಹೊಳೆಯೋ ಕಬ್ಬಿಣದ ಮೇಲೆ ಆ ಗನ್ ಕಮ್ಮಿ ತೋರಿಸುತ್ತೆ ಅಂತ ಹೀಟ್ ಟ್ರಾನ್ಸ್‌ಫರಲ್ಲಿ ಓದಿದ್ದು ಮರ್ತೇಹೋಗಿತ್ತು. ಕೊನೆಗೆ ಥರ್ಮೋಕಪಲ್ ಅಂತ ಬಿಸಿ ಅಳೆಯೋ ತಂತಿ ತಂದು ಮರಳಿನೊಳಗೆ ಹೂತಿಟ್ವಿ. ಭಟ್ಟಿ ಚಾಚಾ ನಮ್ಮ ಒದ್ದಾಟ ನೋಡಿ ನಾಲ್ಕು ಕಾಳು ಅಕ್ಕಿ ಮರಳಿಗೆ ಎಸೆದು "ಇನ್ನೊಂಚೂರು ಕಾಯ್ಬೇಕು" ಅಂದ್ರು. ಅದು ಅವ್ರ ಥರ್ಮೋಕಪಲ್.

ಭತ್ತದ ಹೊಟ್ಟು ಉರಿಸೋದು, ಕೆಜಿಗೆ ಮೂರು ಸಾವಿರದ ಮೇಲೆ ಕಿಲೋಕ್ಯಾಲೊರಿ ಬಿಸಿ ಬರುತ್ತೆ. ಅಕ್ಕಿಗೆ ಹೋದ ಬಿಸಿ ಎಷ್ಟು, ಗೋಡೇಲಿ ಎಷ್ಟು, ಚಿಮಣೀಲಿ ಎಷ್ಟು ಅಂತ ಮೂರು ವಾರ ಕೂತು ಲೆಕ್ಕ ಹಾಕಿದ್ವಿ, ಮುಕ್ಕಾಲಿಗಿಂತ ಹೆಚ್ಚು ಅಕ್ಕಿ ಮುಟ್ಟದೇನೇ ಹೋಗ್ತಿತ್ತು. ಚಿಮಣಿ ಬಿಸಿ ವಾಪಸ್ ತಂದು ಒಲೆಗೆ ಕೊಡೋಣ, ಇಷ್ಟು ಹೊಟ್ಟು ಉಳಿಯುತ್ತೆ ಅಂತ ಚಾಚಾಗೆ ಜಂಬದಿಂದ ಗ್ರಾಫ್ ತೋರಿಸಿದ್ವಿ. ಅವ್ರು ಕನ್ನಡಕ ಹಾಕ್ಕೊಂಡು ಮರ್ಯಾದೆಗೆ ಅಂತ ನೋಡಿದ್ರು. "ಹೊಟ್ಟಿಂದೇನು ಬಿಡಮ್ಮ, ಹೆಂಗೋ ಆಗ್ತದೆ. ಮಳೆಗಾಲದಲ್ಲಿ ಅಕ್ಕಿ ಒಣಗಲ್ಲ ನೋಡು, ಅದಕ್ಕೆ ಏನಾದ್ರೂ ಮಾಡು." ಮೂರು ವಾರದಲ್ಲಿ ನಾವ್ಯಾರೂ ಅವ್ರನ್ನ ಕೇಳೇ ಇರ್ಲಿಲ್ಲ, ನಿಮಗೆ ಏನು ಕಷ್ಟ ಅಂತ. ಎಷ್ಟು ಎಷ್ಟು ಅಂತ ಎಲ್ಲಾ ಅಳೆದಿದ್ವಿ, ಯಾವುದರದ್ದು ಅನ್ನೋದೇ ಬಿಟ್ಟೋಗಿತ್ತು. ಹೊರಗೆ ಬಂದು ಸ್ಟ್ಯಾಂಡ್ ಹಾಕಿದ ಬೈಕ್ ಮೇಲೆ ನಾಲ್ಕೂ ಜನ ಸುಮ್ನೆ ಕೂತಿದ್ವಿ ಸ್ವಲ್ಪ ಹೊತ್ತು.

ಆಮೇಲೆ ಪ್ರಾಜೆಕ್ಟ್ ಬದಲಾಯ್ತು, ಚಿಮಣಿ ಸುತ್ತ ಜಿಐ ಶೀಟಿನ ಡಕ್ಟು ಕಟ್ಟಿ, ಹೊಗೆ ಸೇರದಂಗೆ ಬರೀ ಬಿಸಿ ಗಾಳಿ ಮಾತ್ರ ಒಣಗ್ಸೋ ತಟ್ಟೆಗಳಿಗೆ ಬರೋ ಥರ. ಮಾವನ ಗ್ಯಾರೇಜ್ ಪಕ್ಕದ ವೆಲ್ಡಿಂಗ್ ಅಂಗಡೀಲಿ ಮಾಡಿಸಿದ್ದು. ಮೊದಲ ಟ್ರಯಲ್‌ನಲ್ಲಿ ಒಂದು ಜಾಯಿಂಟ್ ಬಿಟ್ಕೊಂಡು ಹೊಗೆ ಒಳಗೆ ನುಗ್ಗಿ ಒಂದು ತಟ್ಟೆ ಅಕ್ಕಿ ಪೂರ್ತಿ ಹೊಗೆ ವಾಸನೆ, ಅದರ ಮಂಡಕ್ಕಿನ ನಾವೇ ನಾಲ್ಕು ಜನ ಹಂಚ್ಕೊಂಡು ವಾರಗಟ್ಟಲೆ ತಿಂದ್ವಿ, ಒಗ್ಗರಣೆ ಹಾಕಿದ್ರೂ ಹೋಗ್ಲಿಲ್ಲ. ಎರಡನೇ ಸಲ ಸರಿ ಹೋಯ್ತು. ವೈವಾದಲ್ಲಿ ಎಕ್ಸ್‌ಟರ್ನಲ್ ಬಂದೋರು ಇದರಲ್ಲಿ ಹೊಸದೇನಿದೆ ಅಂತ ಕೇಳಿದ್ರು, ಏನಿಲ್ಲ ಸರ್, ಅಕ್ಕಿ ಒಣಗ್ತದೆ ಅಂದೆ. ಮಾರ್ಕ್ಸ್ ಕಮ್ಮಿ ಏನೂ ಬೀಳ್ಲಿಲ್ಲ.

ಪ್ಲೇಸ್‌ಮೆಂಟ್ ಕಥೆ ಚಿಕ್ಕದು. ಅರವತ್ತರಲ್ಲಿ ಅರ್ಧಕ್ಕರ್ಧ ಐಟಿಗೆ ಹೋದ್ರು, ಜಾವಾ ಕಲಿತ್ರು, ಈಗ ನನಗಿಂತ ಜಾಸ್ತಿನೇ ದುಡೀತಾರೆ, ಅದರಲ್ಲಿ ಸುಳ್ಳು ಹೇಳೋದೇನಿಲ್ಲ. ನಾನು ಬೆಂಗಳೂರಿನ ಪೀಣ್ಯದ ಕಡೆ ಇಂಟರ್‌ವ್ಯೂಗೆ ಅಂತ ಬೆಳಗ್ಗೆ ಬಸ್ ಹತ್ತಿದ್ದೆ, ಚಿತ್ರದುರ್ಗ ಬರ್ತಿದ್ದಂಗೆ ಗುಡ್ಡದ ಮೇಲೆ ಗಾಳಿಯಂತ್ರ ಕಾಣ್ತವಲ್ಲ, ಚಿಕ್ಕೋಳಿದ್ದಾಗಿಂದ ಕಿಟಕೀಲಿ ಎಣಿಸ್ತಿದ್ದೆ. ಅವತ್ತು ಎಣಿಸ್ಲಿಲ್ಲ, ಎಷ್ಟೇ ಒಳ್ಳೇ ರೆಕ್ಕೆ ಮಾಡಿದ್ರೂ ಗಾಳೀಲಿರೋ ಶಕ್ತೀಲಿ ನೂರಕ್ಕೆ 59.3ರ ಮೇಲೆ ತೆಗೆಯಕ್ಕಾಗಲ್ಲ, ಬೆಟ್ಜ್ ಲಿಮಿಟ್, ಪೂರ್ತಿ ಹೀರಿದ್ರೆ ಗಾಳಿ ರೆಕ್ಕೆ ಹಿಂದೇನೇ ನಿಂತ್ಬಿಡುತ್ತೆ, ಮುಂದಿನ ಗಾಳಿಗೆ ಜಾಗ ಎಲ್ಲಿ ಅಂತ ಅದನ್ನೇ ಯೋಚಿಸ್ತಾ ಹೋದೆ. ಇಂಟರ್‌ವ್ಯೂನಲ್ಲಿ ಕೇಳಿದ್ದು ಅದ್ಯಾವುದೂ ಅಲ್ಲ, ಮೈಕ್ರೋಮೀಟರ್ ಕೈಗೆ ಕೊಟ್ಟು ಒಂದು ಪಿನ್ ಕೊಟ್ಟು "ಎಷ್ಟು?" ಅಂದ್ರು. ನಂಗೆ ನಗು ತಡೆಯಕ್ಕಾಗ್ಲಿಲ್ಲ. ಮೂರು ಕಡೆ ಅಳೆದು ಮೂರೂ ಹೇಳ್ದೆ, ಒಂದು ಕಡೆ 0.02 ಕಮ್ಮಿ ಇದೆ ಸರ್, ಸವೆದಿದೆ ಅಂದೆ. ಇವತ್ತಿಗೂ ಕ್ವಾಲಿಟೀಲೇ ಇದೀನಿ, ದಿನಾ ಬೇರೆಯವರಿಗೆ ಎಷ್ಟು ಅಂತ ಕೇಳೋ ಕೆಲಸ.

ಇದನ್ನ ಬರೆದು ಮುಗಿಸೋ ಹೊತ್ತಿಗೆ ತಮ್ಮನ ಮೆಸೇಜ್ ಬಂತು. ಆಪ್ಷನ್ ಎಂಟ್ರೀಲಿ ಮೊದಲು ಕಂಪ್ಯೂಟರ್ ಸೈನ್ಸ್, ಆಮೇಲೆ ಇನ್ಫರ್ಮೇಷನ್ ಸೈನ್ಸ್, ಆಮೇಲೆ ಎಲೆಕ್ಟ್ರಾನಿಕ್ಸ್, ನಾಲ್ಕನೇದು ಮೆಕ್ ಹಾಕಿದಾನಂತೆ. ಮಾವಂಗೆ ಹೇಳ್ದೆ. "ನಾಲ್ಕನೇದಕ್ಕಾದ್ರೂ ಹಾಕಿದಾನಲ್ಲ, ಭಾನುವಾರ ಗ್ಯಾರೇಜಿಗೆ ಕಳಿಸು, ಹತ್ತು-ಹನ್ನೊಂದು ಪಾನ ಯಾವ್ದು ಅಂತ ಕೇಳ್ತೀನಿ" ಅಂದ. ಆ ಬಿಳಿ ಶೂ ಹಾಕ್ಕೊಂಡು ಬರ್ಬೇಡ ಅಂತ ಮಾತ್ರ ಅವ್ನಿಗೆ ಮೆಸೇಜ್ ಹಾಕಿದೀನಿ. ನೀಲಿ ಟಿಕ್ ಬಂದಿದೆ, ರಿಪ್ಲೈ ಇಲ್ಲ.